ಕುದುರೆಯ ಕಿವಿ ಸವಾರನ ಕಡೆಗೆ



ಕುದುರೆ ಕಟ್ಟಿರುವ ಮನೆ ಈಗ ಊರಿಗೊಂದು ಸಿಗುವುದೂ ಕಷ್ಟ. ಆದರೂ ಜಟಕಾ ಓಡಿಸುವವರು ಇದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆ ಕುದುರೆ ಮೇಲೆ ಗಂಟುಮೂಟೆ ಹೇರಿಕೊಂಡು ಕುರಿ ಹಿಂಡಿನ ಜೊತೆ ಊರೂರು ತಿರುಗುವ ಕುರಿಗಾರರು ಇದ್ದಾರೆ. ಇವರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಒಂದೇ: "ಸ್ವಾಮಿ, ಒಂಟಿಯಾಗಿದ್ರೆ ನಮ್ಮ ಕುದುರೆ ಹಸುವಿನ ಹಾಗೆ. ಇನ್ನೊಂದು ಕುದುರೆ ಕಂಡರೆ ಸಾಕು, ಬೆನ್ನ ಮೇಲೆ ನಾವಿದ್ದೀವಿ ಅನ್ನೋದನ್ನೇ ಮರೆತುಬಿಡುತ್ತೆ."

ಇದನ್ನು ಕೊಬ್ಬು ಅನ್ನಬೇಡಿ. ಕುದುರೆ ಹಿಂಡಿನಲ್ಲಿ ಬದುಕುವ ಪ್ರಾಣಿ. ಹುಲ್ಲು ಮೇಯುವಾಗ ಒಂದು ತಲೆ ತಗ್ಗಿಸಿದರೆ ಇನ್ನೊಂದು ತಲೆ ಎತ್ತಿ ಕಾಯುತ್ತದೆ. ಒಂಟಿಯಾಗಿ ಉಳಿದದ್ದು ಮೃಗದ ಬಾಯಿಗೆ ಹೋಗುತ್ತದೆ. ಈ ಭಯ ಅದರ ರಕ್ತದಲ್ಲೇ ಇದೆ. ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಒಂದಿಷ್ಟು ಜಾಗ ಬಿಟ್ಟು ಸುತ್ತಲೂ ಅದಕ್ಕೆ ಕಾಣುತ್ತದೆ. ನಿಮಗೆ ಕಾಣುವ ಮೊದಲೇ ಅದು ಇನ್ನೊಂದು ಕುದುರೆಯನ್ನು ಕಂಡಿರಬಹುದು.

ನಾನೇ ಒಮ್ಮೆ ಬುದ್ಧಿ ಕಲಿತವನು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ರೈತರ ಕುದುರೆ ಏರಿ ಜಾತ್ರೆಯ ಬಯಲಿಗೆ ಹೋದೆ. ದೂರದಲ್ಲಿ ಕುದುರೆಯೊಂದು ಕೆನೆಯಿತು. ನನ್ನದು ಕತ್ತು ಎತ್ತಿ ನಿಂತಿತು. ನಾನು ಎರಡೂ ಲಗಾಮು ಜಗ್ಗಿದೆ, ಚಾಟಿಯಿಂದ ಎರಡು ಬಾರಿಸಿದೆ. ಅದು ಗಿರ್ರನೆ ತಿರುಗಿ ಒದೆಯಿತು. ಹಿಡಿಯಲು ಓಡಿ ಬಂದ ರೈತರ ಮಗನ ಮುಂಗೈ ಮೂಳೆ ಮುರಿಯಿತು. ಆ ಸಲದ ರಾಗಿ ಕೊಯ್ಲಿಗೆ ಆ ಹುಡುಗ ಕುಡುಗೋಲು ಹಿಡಿಯಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯ್ತು.

ತಪ್ಪು ಎಲ್ಲಿ? ಜಗ್ಗಾಟದಲ್ಲಿ ಕುದುರೆಯೇ ಗೆಲ್ಲುತ್ತದೆ, ಅದರ ಬಲ ನಮಗೆಲ್ಲಿ? ಇನ್ನು ಹೊಡೆತ. ಇನ್ನೊಂದು ಕುದುರೆ ಕಂಡಾಗಲೆಲ್ಲ ಪೆಟ್ಟು ಬಿದ್ದರೆ, ಕುದುರೆ ಕಂಡರೆ ನೋವು ಬರುತ್ತೆ ಅಂತಲೇ ಅದು ಕಲಿಯುತ್ತದೆ. ಮುಂದಿನ ಸಲ ಇನ್ನಷ್ಟು ಗಾಬರಿ.

ಆದ್ದರಿಂದ ಕಿವಿ ನೋಡಿ. ಕುದುರೆಯ ಮನಸ್ಸು ಇದ್ದ ಕಡೆ ಕಿವಿ ಇರುತ್ತದೆ. ಒಂದು ಕಿವಿಯಾದರೂ ಆಗಾಗ ಹಿಂದೆ, ನಿಮ್ಮ ಕಡೆ ವಾಲುತ್ತಿದ್ದರೆ ಸರಿ. ಎರಡೂ ಮುಂದಕ್ಕೆ ನೆಟ್ಟಗೆ ನಿಂತು ಕತ್ತು ಬಿಗಿಯಾದರೆ ಆಗಲೇ ಕೆಲಸ ಕೊಡಬೇಕು, ಕೆನೆಯುವ ತನಕ ಕಾಯಬಾರದು. ಒಂದೇ ಕಡೆಯ ಲಗಾಮನ್ನು ಮೆತ್ತಗೆ ಎಳೆದು ಅಗಲವಾದ ಸುತ್ತು ಹಾಕಿಸಿ. ಹತ್ತು ಹೆಜ್ಜೆ ನಡೆಸಿ, ನಿಲ್ಲಿಸಿ, ಇನ್ನೊಂದು ಕಡೆಗೆ ತಿರುಗಿಸಿ. ಕಿವಿ ನಿಮ್ಮ ಕಡೆ ಬಂತೋ, ಅದೇ ಗಳಿಗೆಯಲ್ಲಿ ಲಗಾಮು ಸಡಿಲ ಬಿಡಿ, ಕತ್ತು ನೇವರಿಸಿ. ಸಡಿಲ ಬಿಡುವುದೇ ಅದಕ್ಕೆ ಬೆಲ್ಲ. ತಡವಾಗಿ ಬಿಟ್ಟರೆ ಯಾತಕ್ಕೆ ಬಿಟ್ಟಿರಿ ಅಂತ ಅದಕ್ಕೆ ತಿಳಿಯದು.

ಇದನ್ನು ಜಾತ್ರೆಯಲ್ಲಿ ಶುರುಮಾಡಬೇಡಿ. ಮೊದಲು ಊರ ಹೊರಗಿನ ಬಯಲಲ್ಲಿ, ನೆರೆಯವರ ಕುದುರೆಯನ್ನು ನೂರು ಹೆಜ್ಜೆ ದೂರ ಕಟ್ಟಿಸಿ ಕಲಿಸಿ. ಅಲ್ಲಿ ನೆಮ್ಮದಿಯಾಗಿ ಮಾತು ಕೇಳಿದರೆ ಮಾರನೆ ದಿನ ಎಂಬತ್ತು. ಗಾಬರಿಯಾದರೆ ಮತ್ತೆ ದೂರ ಹೋಗಿ, ಅದರಲ್ಲಿ ಅವಮಾನವೇನೂ ಇಲ್ಲ. ದಿನಕ್ಕೆ ಕಾಲು ಗಂಟೆ ಸಾಕು. ಎರಡು ಕುದುರೆ ಜೊತೆಯಲ್ಲಿ ಹೋಗುವಾಗ ನಡುವೆ ಒಂದು ಕುದುರೆಯ ಉದ್ದಕ್ಕಿಂತ ಕಡಿಮೆ ಜಾಗ ಬಿಡಬೇಡಿ.

ಜಟಕಾ ಕುದುರೆಗೆ ಕಟ್ಟುವ ಕಣ್ಣುಪಟ್ಟಿ ನೋಟವನ್ನು ಮರೆ ಮಾಡುತ್ತದೆ ಅಷ್ಟೇ, ಕಿವಿ ಮೂಗನ್ನು ಮುಚ್ಚುವುದಿಲ್ಲ. ಗಾಡಿಗೆ ಹೂಡಿದಾಗ ಅದನ್ನು ಎಂದೂ ಬಿಚ್ಚಬೇಡಿ. ಬೆನ್ನ ಹಿಂದೆ ಚಕ್ರ ಕಂಡು ಬೆದರಿ ಓಡಿದ ಕುದುರೆಯನ್ನು ನಿಲ್ಲಿಸುವುದು ಯಾರ ಕೈಲೂ ಆಗದು.

ಹೆಣ್ಣು ಕುದುರೆಗೆ ಋತುವಿನಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆ ಬಂದು 5ರಿಂದ 7 ದಿನ ಇರುತ್ತದೆ. ಆ ದಿನಗಳಲ್ಲಿ ಗಂಡು ಕುದುರೆಯ ಹತ್ತಿರ ಒಯ್ಯಬೇಡಿ. ಮರಿ ಬೇಡವಾದ ಗಂಡಿಗೆ ಬೀಜ ಒಡೆಸುವುದಾದರೆ ಪಶುವೈದ್ಯರಿಂದಲೇ ಆಗಲಿ. ಒಡೆಸಿದ ಮಾರನೆ ದಿನವೇ ಸಾಧುವಾಗುತ್ತೆ ಅಂತ ತಿಳಿಯಬೇಡಿ. ಹಳೆಯ ಚಾಳಿ ಇಳಿಯಲು ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು.

ಇಷ್ಟು ಮಾಡಿಯೂ ತಲೆ ಕೊಡವುತ್ತಲೇ ಇದ್ದರೆ, ಜೀನಿನ ಕೆಳಗೆ ಹುಣ್ಣಿದೆಯೇ, ಕಡಿವಾಣ ಬಾಯಿಯ ಮೂಲೆ ಕೊಯ್ದಿದೆಯೇ ನೋಡಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿರಬಹುದು. ಅದಕ್ಕೆ ನೀವೇ ಬಾಯಿಗೆ ಕೈ ಹಾಕಬೇಡಿ, ಪಶು ಆಸ್ಪತ್ರೆಗೆ ಹೊಡೆದುಕೊಂಡು ಬನ್ನಿ, ಹಲ್ಲು ಉಜ್ಜಿ ಸರಿಮಾಡುತ್ತಾರೆ.