ಜೊತೆಗಾರನ ಹಕ್ಕು: ಗೆಳೆಯರೊಡನೆ ಊಟಕ್ಕೆ, ಪ್ರವಾಸಕ್ಕೆ ಹೊರಟಾಗ

ಶುಕ್ರವಾರ ಸೂರಃ ಅಲ್ ಕಹ್ಫ್ ಪಾರಾಯಣ ಮಾಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಅದರಲ್ಲಿ ಬರುವ ಗುಹಾವಾಸಿ ಯುವಕರ ಕಥೆ ಮಕ್ಕಳಿಗೂ ಗೊತ್ತು. ದೀರ್ಘ ನಿದ್ದೆಯಿಂದ ಎದ್ದ ಆ ಗೆಳೆಯರು ತಮ್ಮಲ್ಲೊಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು ಆಹಾರ ತರಲು ಪೇಟೆಗೆ ಕಳಿಸುತ್ತಾರೆ. ಕಳಿಸುವಾಗ ಎರಡು ಮಾತು ಹೇಳುತ್ತಾರೆ. ಯಾವ ಆಹಾರ ಅತ್ಯಂತ ಶುದ್ಧವೆಂದು ನೋಡಿ ತರಬೇಕು, ಮತ್ತು ನಯವಾಗಿ ವರ್ತಿಸಬೇಕು (18:19). ಶತ್ರುಗಳ ಊರಿನಲ್ಲಿ ಗುರುತು ಸಿಗಬಾರದೆಂಬ ಎಚ್ಚರ ಅವರಿಗಿತ್ತು, ನಿಜ. ಆದರೆ ಈ ಎರಡು ಮಾತುಗಳು ಒಟ್ಟಿಗೆ ಬಂದಿರುವುದನ್ನು ನಾವು ಗಮನಿಸಬೇಕು. ನಯವಾಗಿ ವರ್ತಿಸಲಿ ಎಂಬರ್ಥದ 'ವಲ್‌ಯತಲತ್ತಫ್' ಎಂಬ ಪದವನ್ನು ನಮ್ಮ ನಾಡಿನ ಹಲವು ಮುದ್ರಣಗಳಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅಕ್ಷರಗಳ ಲೆಕ್ಕದಲ್ಲಿ ಇಡೀ ಕುರ್‌ಆನಿನ ನಡುಭಾಗ ಅದೇ ಎಂಬ ಎಣಿಕೆ ಪ್ರಸಿದ್ಧವಾಗಿದೆ.

ಇಂದು ನಮ್ಮ ಯುವಕ ಯುವತಿಯರು ಕಚೇರಿ, ಕಾರ್ಖಾನೆ, ಕಾಲೇಜು, ಆಸ್ಪತ್ರೆಗಳಲ್ಲಿ ಎಲ್ಲ ಸಮುದಾಯದವರ ಜೊತೆ ದುಡಿಯುತ್ತಾರೆ. ಸಂಬಳದ ದಿನ ಒಟ್ಟಿಗೆ ಊಟ, ರಜೆ ಸಿಕ್ಕರೆ ಚಿಕ್ಕಮಗಳೂರು, ಕೊಡಗು, ಮೈಸೂರು ಎಂದು ಪ್ರವಾಸ ಸಾಮಾನ್ಯವಾಗಿದೆ. ಕೆಲವರು ತೊಂದರೆಯೇ ಬೇಡವೆಂದು ಪ್ರತಿ ಕರೆಗೂ ಒಲ್ಲೆ ಎನ್ನುತ್ತಾರೆ. ಇನ್ನು ಕೆಲವರು ಹೊರಟ ಮೇಲೆ ನಮಾಝನ್ನೂ ಹಲಾಲ್ ಹರಾಮಿನ ಎಚ್ಚರವನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಮೊದಲಿನವರು ನಯವನ್ನು ಕಳೆದುಕೊಂಡರೆ ಎರಡನೆಯವರು ಶುದ್ಧತೆಯನ್ನು ಕಳೆದುಕೊಳ್ಳುತ್ತಾರೆ. ದೀನ್ ನಮ್ಮಿಂದ ಎರಡನ್ನೂ ಕೇಳುತ್ತದೆ.

ಪಕ್ಕದಲ್ಲಿರುವವನೂ ಹಕ್ಕುದಾರ

ಸೂರಃ ಅನ್ನಿಸಾದ 36ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರು, ಬಂಧುಗಳು, ಅನಾಥರು, ಬಡವರು, ನೆರೆಯವರಿಗೆ ಒಳಿತು ಮಾಡಲು ಆದೇಶಿಸಿದ್ದಾನೆ. ಆ ಪಟ್ಟಿಯಲ್ಲಿ ಪಕ್ಕದಲ್ಲಿರುವ ಸಂಗಾತಿಯೂ ಇದ್ದಾನೆ. ಇದು ಪ್ರಯಾಣದ ಜೊತೆಗಾರನೆಂದು ಹಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಪತ್ನಿ ಎಂದು ಅರ್ಥೈಸಿದವರೂ ಇದ್ದಾರೆ. ಜೊತೆಗೆ ಕಲಿಯುವವನು, ಸಭೆಯಲ್ಲಿ ಪಕ್ಕದಲ್ಲಿ ಕುಳಿತವನು ಕೂಡ ಇದರಲ್ಲಿ ಸೇರುತ್ತಾನೆಂದು ಝಮಖ್ಶರಿಯವರು ವಿವರಿಸಿದ್ದಾರೆ. ಹಾಗಿದ್ದರೆ ದಿನಕ್ಕೆ ಎಂಟು ಗಂಟೆ ನಮ್ಮ ಪಕ್ಕದ ಮೇಜಿನಲ್ಲಿ ಕೂರುವವನ ಹಕ್ಕು ಸಣ್ಣದಲ್ಲ. ಆತ ಬೇರೆ ಧರ್ಮದವನಾದರೂ, ನಮ್ಮೊಡನೆ ಹಗೆ ಸಾಧಿಸದವರಿಗೆ ಒಳಿತನ್ನೂ ನ್ಯಾಯವನ್ನೂ ಮಾಡುವುದನ್ನು ಅಲ್ಲಾಹನು ತಡೆದಿಲ್ಲವೆಂದು ಸೂರಃ ಅಲ್ ಮುಮ್ತಹಿನಃ (60:8) ಸ್ಪಷ್ಟಪಡಿಸುತ್ತದೆ.

ಮನಸ್ಸುಗಳ ನಡುವೆ ಗೋಡೆ ಎಬ್ಬಿಸುವುದು ಸುಲಭವಾಗಿರುವ ಈ ದಿನಗಳಲ್ಲಿ ಒಂದೇ ಮೇಜಿನ ಊಟಕ್ಕೆ ಬೆಲೆಯಿದೆ. ಮುಸ್ಲಿಮರೆಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಸಹೋದ್ಯೋಗಿ ಮೊಬೈಲಿನಲ್ಲಿ ಬಂದ ಸುದ್ದಿಯಿಂದ ಉತ್ತರ ಹುಡುಕಬೇಕೋ, ತನ್ನ ಜೊತೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದವನಿಂದ ಪಡೆಯಬೇಕೋ? ಇದನ್ನು ನಾವು ಯೋಚಿಸಬೇಕು.

ಒಟ್ಟು ಹಣ, ಒಟ್ಟು ಊಟ

ಗೆಳೆಯರ ಪ್ರವಾಸದಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಹಣದಿಂದ. ಎಲ್ಲರೂ ಸಮನಾಗಿ ಹಾಕಿ ತಿನ್ನುವುದು ಸರಿಯೇ, ಒಬ್ಬ ಹೆಚ್ಚು ತಿಂದರೆ ಅದು ಇನ್ನೊಬ್ಬನ ಹಣವಲ್ಲವೇ ಎಂದು ಕೆಲವರು ಕೇಳುತ್ತಾರೆ. ಗುಹಾವಾಸಿಗಳ ಅದೇ ಸೂಕ್ತದಿಂದ ವಿದ್ವಾಂಸರು ಉತ್ತರ ತೆಗೆದಿದ್ದಾರೆ. ಹಿಜರಿ 370ರಲ್ಲಿ ನಿಧನರಾದ ಹನಫಿ ವಿದ್ವಾಂಸ ಅಬೂಬಕ್ರ್ ಅಲ್ ಜಸ್ಸಾಸ್ 'ಅಹ್ಕಾಮುಲ್ ಕುರ್‌ಆನ್' ಗ್ರಂಥದಲ್ಲಿ, ಗುಂಪಿನವರು ಹಣ ಕೂಡಿಸಿ ಆಹಾರ ಕೊಂಡು ಒಟ್ಟಿಗೆ ಉಣ್ಣುವುದು ಸಮ್ಮತವೆಂದೂ ಒಬ್ಬ ಹೆಚ್ಚು, ಒಬ್ಬ ಕಡಿಮೆ ತಿಂದರೂ ಅಡ್ಡಿಯಿಲ್ಲವೆಂದೂ ಹೇಳಿದ್ದಾರೆ. ಇದಕ್ಕೆ ಅರಬಿಯಲ್ಲಿ 'ಮುನಾಹದಃ' ಎಂಬ ಹೆಸರೇ ಇದೆ. ಯಮನ್ ಮೂಲದ ಅಶ್ಅರೀ ಜನರು ಪ್ರಯಾಣದಲ್ಲಿ ಆಹಾರ ಕಡಿಮೆಯಾದಾಗ ಎಲ್ಲರಲ್ಲಿದ್ದುದನ್ನೂ ಒಂದೇ ಬಟ್ಟೆಯಲ್ಲಿ ಸುರಿದು ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ)ರವರು ಅವರನ್ನು ತನ್ನವರೆಂದು ಮೆಚ್ಚಿಕೊಂಡುದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ.

ಆದರೆ ಇದರ ಬುಡದಲ್ಲಿ ಒಪ್ಪಿಗೆ ಇರಬೇಕು. ಆರು ಜನರ ಊಟದ ಬಿಲ್ಲು 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ತಲಾ 400 ಎಂದು ಯಾರೋ ಘೋಷಿಸುತ್ತಾರೆ. ಹೊಸದಾಗಿ ಸೇರಿದ ಹುಡುಗ ಹಣ ಉಳಿಸಲೆಂದೇ ಒಂದು ದೋಸೆ, ಒಂದು ಚಹಾ ಹೇಳಿದ್ದ. ಅವನು ನಗುತ್ತಲೇ 400 ಕೊಡುತ್ತಾನೆ. ಆ ನಗು ಒಪ್ಪಿಗೆಯಲ್ಲ, ನಾಚಿಕೆ. ಮನಸ್ಸಂತೋಷವಿಲ್ಲದೆ ಒಬ್ಬನ ಹಣ ಇನ್ನೊಬ್ಬನಿಗೆ ಹಲಾಲ್ ಅಲ್ಲವೆಂಬ ಪ್ರವಾದಿ(ಸ)ರವರ ಪಾಠ ವ್ಯಾಪಾರಕ್ಕೆ ಮಾತ್ರ ಸೀಮಿತವಲ್ಲ, ಹೋಟೆಲಿನ ಬಿಲ್ಲಿಗೂ ಅನ್ವಯಿಸುತ್ತದೆ.

ಇನ್ನೊಂದು ಹದೀಸ್ ಇದಕ್ಕಿಂತ ಸೂಕ್ಷ್ಮವಾಗಿದೆ. ಜೊತೆಗೆ ಕುಳಿತು ಖರ್ಜೂರ ತಿನ್ನುವಾಗ ಸಂಗಾತಿಯ ಅನುಮತಿ ಕೇಳದೆ ಎರಡೆರಡು ಒಟ್ಟಿಗೆ ಬಾಯಿಗೆ ಹಾಕುವುದನ್ನು ಪ್ರವಾದಿ(ಸ)ರವರು ತಡೆದಿದ್ದಾರೆ. ಒಂದು ಖರ್ಜೂರದ ವಿಷಯದಲ್ಲೇ ಇಷ್ಟು ಎಚ್ಚರವಿರುವಾಗ ನಡುವೆ ಇಟ್ಟ ಬಿರಿಯಾನಿಯ ತಟ್ಟೆಯಿಂದ ತುಂಡುಗಳನ್ನೆಲ್ಲ ನಮ್ಮ ಕಡೆಗೆ ಎಳೆದುಕೊಳ್ಳುವುದು ಸರಿಯೇ?

ಹಾಗಾಗಿ ಹೊರಡುವ ಮುನ್ನವೇ ಒಟ್ಟು ಖರ್ಚು ಎಷ್ಟಾಗಬಹುದೆಂದು ಎಲ್ಲರಿಗೂ ತಿಳಿಸಬೇಕು. ಬರಲಾಗದವನ ಬಳಿ ಎಲ್ಲರೆದುರು ಕಾರಣ ಕೇಳಬಾರದು. ಕಡಿಮೆ ಸಂಬಳದವನ ಪಾಲನ್ನು ಒಬ್ಬ ಗುಟ್ಟಾಗಿ ತುಂಬಿದರೆ ಅದು ಸದಕಾ. ಅದನ್ನು ಗುಂಪಿನಲ್ಲಿ ಹೇಳಿಕೊಂಡರೆ ಅವನಿಗೆ ಅವಮಾನ.

ತಟ್ಟೆಯಲ್ಲಿ ಏನಿರಬೇಕು

ಹಲಾಲಿನ ವಿಷಯ ಮೊದಲೇ ಹೇಳಿಬಿಡುವುದು ಉತ್ತಮ. ಹೋಟೆಲಿಗೆ ಹೋಗಿ ಕುಳಿತು, ಎಲ್ಲರೂ ಆರ್ಡರ್ ಮಾಡಿದ ಮೇಲೆ ಮುಖ ಸಿಂಡರಿಸುವುದಕ್ಕಿಂತ ಹಿಂದಿನ ದಿನವೇ, ನಮಗೆ ಹಲಾಲ್ ಮಾಂಸ ಸಿಗದಿದ್ದರೆ ಸಸ್ಯಾಹಾರ ಸಾಕು ಎಂದರೆ ಯಾರಿಗೂ ತೊಂದರೆಯಿಲ್ಲ. ಕರ್ನಾಟಕದ ರಸ್ತೆಗಳಲ್ಲಿ ಇದು ಕಷ್ಟವೂ ಅಲ್ಲ. ಮದ್ದೂರಿನ ವಡೆಗೆ, ಕೊಟ್ಟಿಗೆಹಾರದ ನೀರ್‌ದೋಸೆಗೆ, ಉಡುಪಿ ಹೋಟೆಲಿನ ಊಟಕ್ಕೆ ಯಾರ ಫತ್ವಾವೂ ಬೇಕಿಲ್ಲ. ಮುಸ್ಲಿಮೇತರರು ಬೇಯಿಸಿದ ಅನ್ನ, ಪಲ್ಯ, ತಿಂಡಿ, ಮೀನು ಅವರು ಬೇಯಿಸಿದರೆಂಬ ಕಾರಣಕ್ಕೆ ನಿಷಿದ್ಧವಾಗುವುದಿಲ್ಲ. ಮಾಂಸದ ಬಗ್ಗೆ ಸಂಶಯವಿದ್ದರೆ ಒಮ್ಮೆ ಮೆಲ್ಲಗೆ ಕೇಳಬೇಕು, ಉತ್ತರ ಸಮಾಧಾನ ತರದಿದ್ದರೆ ಸುಮ್ಮನೆ ಬೇರೆಯದನ್ನು ಹೇಳಬೇಕು. ಪ್ರವಾದಿ(ಸ)ರವರು ಯಾವ ಆಹಾರವನ್ನೂ ಹಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು. ಇತರರ ತಟ್ಟೆಯನ್ನು ನೋಡಿ ಮೂಗು ಮುರಿಯುವವನು ಈ ಸುನ್ನತ್ತನ್ನು ಮರೆತಿದ್ದಾನೆ.

ಮದ್ಯದ ವಿಷಯ ಬೇರೆ. ಮದ್ಯ ಹರಿದಾಡುವ ಮೇಜಿನಲ್ಲಿ ಕೂರಬಾರದೆಂದು ಹದೀಸ್ ಹೇಳುತ್ತದೆ. ನಾನು ಕುಡಿಯುವುದಿಲ್ಲವಲ್ಲ ಎಂಬುದು ಅಲ್ಲಿ ಕೂರಲು ಕಾರಣವಾಗದು. ಅದರ ಬಿಲ್ಲಿನಲ್ಲಿ ಪಾಲು ಹಾಕುವುದೂ ಸಲ್ಲದು. ಊಟಕ್ಕೆ ಬರುತ್ತೇವೆ, ಅದಿರುವ ಕೂಟಕ್ಕೆ ಬರುವುದಿಲ್ಲ ಎಂದು ಸಿಟ್ಟಿಲ್ಲದೆ, ಉಪದೇಶವಿಲ್ಲದೆ ಮೊದಲ ಸಲವೇ ಹೇಳಿದವನನ್ನು ಎರಡನೆಯ ಸಲ ಯಾರೂ ಒತ್ತಾಯಿಸುವುದಿಲ್ಲ. ಮೊದಲ ಸಲ ಹಿಂಜರಿದವನು ಪ್ರತಿ ಸಲವೂ ನೆಪ ಹುಡುಕಬೇಕಾಗುತ್ತದೆ.

ನಮ್ಮ ನಾಡಿನ ಪ್ರವಾಸದಲ್ಲಿ ಗೆಳೆಯರು ದಾರಿಯಲ್ಲಿ ದೇವಸ್ಥಾನಕ್ಕೆ ಹೋಗುವುದುಂಟು. ಆಗ ನಾವು ಹೊರಗೆ ಅವರ ಚಪ್ಪಲಿ, ಬ್ಯಾಗುಗಳ ಬಳಿ ಕಾಯುತ್ತ ನಿಲ್ಲಬಹುದು. ನಮ್ಮ ನಮಾಝ್ ಮುಗಿಯುವವರೆಗೆ ಅವರು ಕಾರಿನಲ್ಲಿ ಕಾದಿರುತ್ತಾರಲ್ಲ. ದೇವರಿಗೆ ಅರ್ಪಿಸಿದ್ದನ್ನು ನಾವು ತಿನ್ನುವುದಿಲ್ಲವೆಂದು ನಯವಾಗಿ ತಿಳಿಸಬೇಕು. ಅವರ ನಂಬಿಕೆಯ ಬಗ್ಗೆ ಹಾಸ್ಯ ಮಾತ್ರ ಬಾರದು.

ನಮಾಝ್ ಪ್ರಯಾಣದಲ್ಲೂ ಜೊತೆಗಿದೆ

ನಾಲ್ಕು ರಕಅತಿನ ಕಡ್ಡಾಯ ನಮಾಝನ್ನು ಎರಡಾಗಿ ಕಸರ್ ಮಾಡುವ ಅನುಕೂಲವನ್ನು ಅಲ್ಲಾಹನು ಪ್ರಯಾಣಿಕನಿಗೆ ನೀಡಿದ್ದಾನೆ. ಫಜರ್ ಮತ್ತು ಮಗ್ರಿಬ್ ಹಾಗೆಯೇ ಇರುತ್ತವೆ. ಇದಕ್ಕೆ ಬೇಕಾದ ದೂರ ಸುಮಾರು 80 ಕಿ.ಮೀ. ಎಂದು ನೆನಪಿಟ್ಟುಕೊಳ್ಳಬಹುದು. ಮದ್‌ಹಬ್‌ಗಳ ಲೆಕ್ಕದಲ್ಲಿ ಅಲ್ಪ ವ್ಯತ್ಯಾಸವಿರುವುದರಿಂದ ಅಂಚಿನ ದೂರವಾದರೆ ಮಸೀದಿಯ ಉಸ್ತಾದರನ್ನು ಕೇಳಬೇಕು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ, ಮಂಗಳೂರಿನಿಂದ ಉಡುಪಿಗೆ ಹೋದವನಿಗೆ ಕಸರ್ ಇಲ್ಲ. ಬೆಂಗಳೂರಿನಿಂದ ಮೈಸೂರಿಗೋ ಚಿಕ್ಕಮಗಳೂರಿಗೋ ಹೊರಟವನಿಗೆ ತನ್ನ ಊರಿನ ಗಡಿ ದಾಟಿದ ಮೇಲೆ ಇದೆ. ದಾರಿಯಲ್ಲಿ ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ತಿ ನಿರ್ವಹಿಸಬೇಕು.

ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಪ್ರಯಾಣಿಕನು ಝುಹರ್ ಮತ್ತು ಅಸರನ್ನು, ಮಗ್ರಿಬ್ ಮತ್ತು ಇಶಾವನ್ನು ಜಮ್ಅ್ ಮಾಡಬಹುದು. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಮದ್‌ಹಬಿನಲ್ಲಿ ಹಜ್ಜ್‌ನ ಹೊರತು ಜಮ್ಅ್ ಇಲ್ಲ. ಆದರೆ ಝುಹರನ್ನು ಅದರ ಕೊನೆಯ ವೇಳೆಗೆ, ಅಸರನ್ನು ಅದರ ಆರಂಭದ ವೇಳೆಗೆ ನಿರ್ವಹಿಸಿದರೆ ಒಂದೇ ನಿಲುಗಡೆ ಸಾಕಾಗುತ್ತದೆ. ಪ್ರವಾದಿ(ಸ)ರವರು ಐಚ್ಛಿಕ ನಮಾಝನ್ನು ಸವಾರಿಯ ಮೇಲೆಯೇ ನಿರ್ವಹಿಸುತ್ತಿದ್ದರು, ಕಡ್ಡಾಯ ನಮಾಝಿಗೆ ಇಳಿದು ಖಿಬ್ಲಾದೆಡೆಗೆ ಮುಖ ಮಾಡುತ್ತಿದ್ದರು. ನಮ್ಮ ಕಾರನ್ನು ನಿಲ್ಲಿಸುವುದು ಒಂಟೆಯಿಂದ ಇಳಿಯುವುದಕ್ಕಿಂತ ಕಷ್ಟವೇನಲ್ಲ. ಚಹಾಕ್ಕೆ ಹದಿನೈದು ನಿಮಿಷ ನಿಲ್ಲುವ ವಾಹನ ಎರಡು ರಕಅತಿಗೂ ನಿಲ್ಲುತ್ತದೆ. ಕೇಳಬೇಕಷ್ಟೇ.

ಶುಕ್ರವಾರ ಹೊರಡುವವರು ಜುಮಾ ಮುಗಿಸಿ ಹೊರಡುವುದು ಒಳ್ಳೆಯದು. ಶಾಫಿಈ ಮದ್‌ಹಬಿನ ಪ್ರಕಾರ ಜುಮಾ ಕಡ್ಡಾಯವಾದವನು, ದಾರಿಯಲ್ಲಿ ಜುಮಾ ಸಿಗುವ ಖಾತ್ರಿಯಿಲ್ಲದೆ ಫಜರಿನ ಬಳಿಕ ಮೋಜಿಗಾಗಿ ಊರು ಬಿಡಬಾರದು.

ಚಾಲಕನ ಹಕ್ಕು, ದಾರಿಯ ಹಕ್ಕು

ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ಅಮೀರನಾಗಿ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂತಿರುಗಬೇಕು ಎಂದು ಒಬ್ಬ ತೀರ್ಮಾನಿಸಿದರೆ ಜಗಳವಿಲ್ಲ. ಈ ಅಮೀರನ ಮೊದಲ ಜವಾಬ್ದಾರಿ ಚಾಲಕನನ್ನು ಗಮನಿಸುವುದು. ಹಸಿರು ಇರುವ ನೆಲದಲ್ಲಿ ಸಾಗುವಾಗ ಒಂಟೆಗಳಿಗೆ ಅವುಗಳ ಪಾಲನ್ನು ಕೊಡಿರೆಂಬ ಬೋಧನೆ ಮುಸ್ಲಿಮ್ ಗ್ರಂಥದಲ್ಲಿದೆ. ಸವಾರಿಯ ಪ್ರಾಣಿಗೇ ಹಕ್ಕಿರುವಾಗ ಹಗಲಿಡೀ ದುಡಿದು ರಾತ್ರಿ ಸ್ಟಿಯರಿಂಗ್ ಹಿಡಿದ ಗೆಳೆಯನಿಗೆ ಇಲ್ಲವೇ? ಬೆಂಗಳೂರು ಮಂಗಳೂರು ನಡುವಿನ ದಾರಿ ಸುಮಾರು 350 ಕಿ.ಮೀ. ಶನಿವಾರ ರಾತ್ರಿ ಹೊರಟು, ಭಾನುವಾರ ಸುತ್ತಾಡಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಲೆಕ್ಕದಲ್ಲಿ ನಿದ್ದೆಗೆ ಜಾಗವೇ ಇರುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳ ತಿರುವುಗಳು ಮಳೆಗಾಲದ ಮಂಜಿನಲ್ಲಿ ಎಚ್ಚರವಿದ್ದವನಿಗೇ ಕಷ್ಟ. ಕಣ್ಣು ಮುಚ್ಚಿಬರುತ್ತಿದೆ ಎಂದವನನ್ನು ಗೇಲಿ ಮಾಡಿ ಮುಂದೆ ಹೊಡೆಸುವುದು ಐದಾರು ಮನೆಗಳ ಜೀವದೊಡನೆ ಆಟ. ನಿಲ್ಲಿಸಿ ಮಲಗಿದರೆ ಎರಡು ಗಂಟೆ ತಡವಾಗುತ್ತದೆ, ಅಷ್ಟೇ.

ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ. ಘಾಟಿಯ ತಿರುವಿನಲ್ಲಿ ಬಿರಿಯಾನಿಯ ಪೊಟ್ಟಣ, ನೀರಿನ ಬಾಟಲಿ ಎಸೆಯುವವನು ಅದಕ್ಕೆ ವಿರುದ್ಧವಾದುದನ್ನು ಮಾಡುತ್ತಾನೆ. ಕಾರಿನಲ್ಲೊಂದು ಚೀಲ ಇಟ್ಟುಕೊಂಡರೆ ಕಸ ಊರಿಗೆ ವಾಪಸ್ ಬರುತ್ತದೆ.

ಮನೆಯಲ್ಲಿ ಕಾಯುವವರು

ಪಕ್ಕದ ಸಂಗಾತಿ ಎಂದರೆ ಪತ್ನಿ ಎಂದು ಅರ್ಥೈಸಿದವರೂ ಇದ್ದಾರೆಂದು ಮೇಲೆ ಹೇಳಿದೆವು. ಪ್ರತಿ ಭಾನುವಾರ ಗೆಳೆಯರೊಡನೆ ಹೊರಟು, ಹೆಂಡತಿ ಮಕ್ಕಳನ್ನು ವರ್ಷಕ್ಕೊಮ್ಮೆಯೂ ಹೊರಗೆ ಕರೆದೊಯ್ಯದವನು ಒಬ್ಬ ಸಂಗಾತಿಯ ಹಕ್ಕನ್ನು ಕಿತ್ತು ಇನ್ನೊಬ್ಬನಿಗೆ ಕೊಡುತ್ತಿದ್ದಾನೆ. ಪ್ರವಾದಿ(ಸ)ರವರು ಪ್ರಯಾಣವನ್ನು ಯಾತನೆಯ ಒಂದು ತುಣುಕೆಂದು ವರ್ಣಿಸಿ, ಕೆಲಸ ಮುಗಿದೊಡನೆ ಬೇಗ ಮನೆಯವರ ಬಳಿಗೆ ಮರಳಲು ಹೇಳಿದ್ದಾರೆ. ಹೊರಡುವಾಗ ಎಲ್ಲಿಗೆ, ಯಾರೊಡನೆ, ಯಾವಾಗ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಬೇಕು. ತಡವಾದರೆ ಒಂದು ಕರೆ ಮಾಡಬೇಕು.

ಉದ್ಯೋಗಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೂ ಇಂಥ ಕರೆಗಳು ಬರುತ್ತವೆ. ಮಹ್ರಮ್ ಇಲ್ಲದ ದೂರ ಪ್ರಯಾಣ ಮತ್ತು ರಾತ್ರಿ ತಂಗುವಿಕೆಯ ಬಗ್ಗೆ ಶರೀಅತ್ತಿನ ನಿಯಮಗಳನ್ನು ತಿಳಿದವರಿಂದ ಕೇಳಿ ಅರಿಯಬೇಕು. ಆದರೆ ಗೆಳತಿಯರೊಡನೆ ಹಗಲಿನ ಊಟಕ್ಕೆ ಹೋಗಲು ಕೇಳಿದ ಮಗಳನ್ನು ಗದರಿಸಿ, ಮೂರು ದಿನ ಹೇಳದೆ ಕೇಳದೆ ತಿರುಗಿದ ಮಗನಿಗೆ ಬಡಿಸಿ ಕೊಡುವ ಮನೆಯಲ್ಲಿ ನ್ಯಾಯ ಇಲ್ಲ. ಎಲ್ಲಿಗೆ, ಯಾರೊಡನೆ ಎಂಬ ಪ್ರಶ್ನೆಯನ್ನು ಇಬ್ಬರಿಗೂ ಕೇಳಬೇಕು, ಇಬ್ಬರ ಉತ್ತರವನ್ನೂ ಸಮಾಧಾನದಿಂದ ಆಲಿಸಬೇಕು.

ಶುದ್ಧವಾದುದನ್ನು ಆರಿಸುವ ಎಚ್ಚರವನ್ನೂ ನಯವಾಗಿ ನಡೆಯುವ ಗುಣವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಹೊರಟವರನ್ನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.