ಕೂಲಿಯ ಲೆಕ್ಕವೂ ಹೆಸರಿನ ಅಕ್ಷರವೂ

2016ನೆಯ ಇಸವಿ ಏಪ್ರಿಲ್ ತಿಂಗಳ 18 ಮತ್ತು 19ನೆಯ ತಾರೀಖುಗಳಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಸಹಸ್ರಾರು ಮಂದಿ ಕೆಲಸಗಾರರು, ಅವರಲ್ಲಿಯೂ ಬಹುಮಟ್ಟಿಗೆ ಸ್ತ್ರೀಯರು, ಹೊಲಿಗೆಯ ಯಂತ್ರಗಳನ್ನು ಬಿಟ್ಟು ಬೀದಿಗೆ ಬಂದು ನಿಂತರು. ಹೊಸೂರು ರಸ್ತೆಯಲ್ಲಿ ಮೊದಲಾದ ಈ ಕ್ಷೋಭೆಯು ಮರುದಿನ ಉತ್ತರ ದಿಕ್ಕಿನ ಪೀಣ್ಯ, ಜಾಲಹಳ್ಳಿಗಳವರೆಗೆ ಹಬ್ಬಿತು, ಬಸ್ಸುಗಳು ಸುಟ್ಟುಹೋದುವು. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರವು ಹೊರಡಿಸಿದ್ದ ಒಂದು ಪ್ರಕಟನೆಯೇ ಇದಕ್ಕೆ ಕಾರಣವಾಗಿತ್ತು. ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿ ತಮ್ಮ ವಂತಿಗೆಯನ್ನೂ ಅದರ ಬಡ್ಡಿಯನ್ನೂ ಮಾತ್ರ ತೆಗೆದುಕೊಳ್ಳಬಹುದು, ಯಜಮಾನನು ಕಟ್ಟಿದ ಭಾಗವು 58ನೆಯ ವಯಸ್ಸಿನವರೆಗೆ ಅಲ್ಲಿಯೇ ಇರತಕ್ಕದ್ದು, ಎಂಬುದು ಅದರ ತಾತ್ಪರ್ಯ. 19ನೆಯ ತಾರೀಖಿನ ಸಂಜೆಯೊಳಗಾಗಿ ಸರ್ಕಾರವು ಪ್ರಕಟನೆಯನ್ನು ಹಿಂತೆಗೆದುಕೊಂಡಿತು.

ವೃದ್ಧಾಪ್ಯಕ್ಕೆಂದು ಇಟ್ಟ ಹಣವನ್ನು ಯೌವನದಲ್ಲಿಯೇ ಬೇಡುವುದೇಕೆ ಎಂದು ಆಗ ಕೇಳಿದವರುಂಟು. ಅವರು ನಿಧಿಯ ಹೆಸರನ್ನು ನೋಡಿದರೇ ಹೊರತು ಅದರ ವಿನಿಯೋಗವನ್ನು ನೋಡಲಿಲ್ಲ. ನಿರುದ್ಯೋಗದ ಕಾಲಕ್ಕೆ ಜೀವನಾಧಾರವಾಗುವ ವಿಮೆಯು ಪಾಶ್ಚಾತ್ಯ ದೇಶಗಳಲ್ಲಿರುವಂತೆ ನಮ್ಮ ದೇಶದಲ್ಲಿ ಸರ್ವಸಾಧಾರಣವಾಗಿಲ್ಲ. ಯಶವಂತಪುರದಲ್ಲಿಯೋ ಹೆಬ್ಬಾಳದಲ್ಲಿಯೋ ಕೆಲಸ ಕಳೆದುಕೊಂಡ ಕೂಲಿಗಾರಳಿಗೆ ಮುಂದಿನ ಕೆಲಸ ಸಿಕ್ಕುವವರೆಗೆ ಬಾಡಿಗೆಗೂ ಮಕ್ಕಳ ಶಾಲೆಯ ಶುಲ್ಕಕ್ಕೂ ಒದಗುವ ಒಟ್ಟು ಮೊತ್ತವು ಈ ಒಂದೇ ಆಗಿರುತ್ತದೆ. ಆದಕಾರಣ ‘ಪಿ.ಎಫ್. ದುಡ್ಡು’ ಎಂಬುದು ಅವಳ ವ್ಯವಹಾರದಲ್ಲಿ ಮುಪ್ಪಿನ ಗಂಟಲ್ಲ, ನಿರುದ್ಯೋಗದ ವಿಮೆಯೇ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ‘ಭವಿಷ್ಯತ್’ ಎಂಬ ಹಲಂತ ಶಬ್ದಕ್ಕೆ ‘ನಿಧಿ’ ಶಬ್ದವು ಸೇರಿದರೆ ‘ಭವಿಷ್ಯನ್ನಿಧಿ’ ಎಂದಾಗಬೇಕೆಂದು ವೈಯಾಕರಣರು ಆಕ್ಷೇಪಿಸಬಹುದು. ಆದರೆ ‘ಭವಿಷ್ಯ’ ಎಂಬ ಅಕಾರಾಂತ ರೂಪವೂ ಶಿಷ್ಟಪ್ರಯೋಗದಲ್ಲಿ ಇದ್ದೇ ಇದೆ. ಭವಿಷ್ಯಪುರಾಣದ ಹೆಸರೇ ಇದಕ್ಕೆ ಸಾಕ್ಷಿ. ಇನ್ನು ‘ನಿಧಿ’ಯೆಂದರೆ ಕೆಳಗೆ ಇಡಲ್ಪಟ್ಟುದು, ನಿಕ್ಷೇಪಿಸಲ್ಪಟ್ಟುದು. ಇಟ್ಟವನು ಬಂದು ಕೇಳಿದಾಗ ಅವನೇ ಇವನೆಂದು ಗುರುತಿಸಿ ಕೊಡುವುದು ನಿಕ್ಷೇಪಧರ್ಮದ ಮುಖ್ಯಾಂಶವೆಂಬುದನ್ನು ಧರ್ಮಶಾಸ್ತ್ರವನ್ನು ಓದಿದವರು ಬಲ್ಲರು. ಈಚಿನ ಹದಿನೈದು ವರ್ಷಗಳಲ್ಲಿ ಈ ನಿಧಿಯ ಲೆಕ್ಕವನ್ನು ಕಾಗದದಿಂದ ಗಣಕಯಂತ್ರಕ್ಕೆ ತಂದಾಗ ಕೂಡಿಸಿ ಕಳೆಯುವುದರಲ್ಲಿ ಅಷ್ಟಾಗಿ ತೊಡಕು ತಲೆದೋರಲಿಲ್ಲ. ಈ ಗುರುತಿಸುವ ಅಂಶದಲ್ಲಿಯೇ ತಲೆದೋರಿತು.

ಹಳೆಯ ಕ್ರಮವು ಹೀಗಿತ್ತು. 1952ರ ಕಾಯಿದೆಯಂತೆ ಸಂಬಳದಲ್ಲಿ ನೂರಕ್ಕೆ 12ರಂತೆ ಕೆಲಸಗಾರನಿಂದ ಮುರಿದುಕೊಂಡು, ಅಷ್ಟನ್ನೇ ಯಜಮಾನನು ಸೇರಿಸಿ ಕಟ್ಟಬೇಕು. 1995ರ ಪಿಂಚಣಿ ಯೋಜನೆಯು ಬಂದ ಮೇಲೆ ಯಜಮಾನನ ಭಾಗದಲ್ಲಿ 8.33 ಪಿಂಚಣಿಗೆ ಹೋಗಿ 3.67 ಮಾತ್ರ ನಿಧಿಗೆ ಸೇರುತ್ತಿತ್ತು. ಕಾರ್ಖಾನೆಯವರು ವರ್ಷಾಂತ್ಯದಲ್ಲಿ ಪ್ರತಿಯೊಬ್ಬನ ಲೆಕ್ಕವನ್ನೂ ನಮೂನೆಯ ಕಾಗದಗಳಲ್ಲಿ ತುಂಬಿ ಕಳುಹಿಸುತ್ತಿದ್ದರು. ಕರ್ಣಾಟಕದ ಖಾತೆಗಳಿಗೆ ‘ಕೆ.ಎನ್.’ ಎಂಬ ಅಕ್ಷರಗಳು, ಬೆಂಗಳೂರಿಗೆ ‘ಬಿ.ಎನ್.’, ಬಳಿಕ ಕಾರ್ಖಾನೆಯ ಸಂಖ್ಯೆ, ಕೊನೆಗೆ ಆಳಿನ ಸಂಖ್ಯೆ. ಸಂಖ್ಯೆಯು ಆಳಿಗಿಂತ ಮೊದಲು ಕಾರ್ಖಾನೆಗೆ ಸೇರಿದ್ದು. ಆದುದರಿಂದ ಪೀಣ್ಯದ ಕಾರ್ಖಾನೆಯನ್ನು ಬಿಟ್ಟು ಯಲಹಂಕದ ಕಾರ್ಖಾನೆಗೆ ಸೇರಿದವಳಿಗೆ ಹೊಸ ಖಾತೆಯಾಗುತ್ತಿತ್ತು. ಹಳೆಯದು, ವರ್ಗಾವಣೆಯ ಅರ್ಜಿ ಹಾಕದಿದ್ದರೆ, ಇದ್ದಲ್ಲಿಯೇ ಉಳಿಯುತ್ತಿತ್ತು. ಐದು ಕಡೆ ದುಡಿದವಳಿಗೆ ಐದು ಖಾತೆಗಳು.

ಕನ್ನಡ ನಾಡಿನ ಲೆಕ್ಕದ ಪದ್ಧತಿಗೆ ಇಂಥ ಬದಲಾವಣೆ ಹೊಸದೇನೂ ಅಲ್ಲ. ಹುಣಸೆಯ ಬೀಜದ ಅಂಟಿಗೆ ಇದ್ದಲನ್ನು ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಬಟ್ಟೆ ಹೋಗಿ ಕಾಗದ ಬಂದರೂ ಸರ್ಕಾರದ ಕಚೇರಿಗಳಲ್ಲಿ ಕಾಗದದ ಕಟ್ಟು ಕಡತವೇ ಆಗಿ ಉಳಿಯಿತು. ವಸ್ತು ಹೋಗಿ ಶಬ್ದ ಉಳಿದುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಆದರೆ ಕಡತದ ಕಾಲದಲ್ಲಿ ಹೆಸರು ತಪ್ಪಿದರೂ ಆಳು ತಪ್ಪುತ್ತಿರಲಿಲ್ಲ. ಊರಿನ ಪ್ರತಿಯೊಬ್ಬನ ಮುಖವನ್ನೂ ಶಾನುಭೋಗನು ಬಲ್ಲವನಾಗಿದ್ದನು.

2012ರ ಏಪ್ರಿಲಿನಿಂದ ಕಾರ್ಖಾನೆಗಳು ಪ್ರತಿ ತಿಂಗಳೂ ವಿದ್ಯುನ್ಮಾನ ರೂಪದಲ್ಲಿಯೇ ಲೆಕ್ಕವನ್ನು ಸಲ್ಲಿಸಬೇಕೆಂದಾಯಿತು. 2014ರ ಅಕ್ಟೋಬರಿನಲ್ಲಿ ಹನ್ನೆರಡು ಅಂಕಿಗಳ ಸಾರ್ವತ್ರಿಕ ಖಾತಾಸಂಖ್ಯೆಯು ಬಂದಿತು. ಇದು ಆಳಿಗೆ ಸೇರಿದ ಸಂಖ್ಯೆ; ಕಾರ್ಖಾನೆ ಬದಲಾದರೂ ಬದಲಾಗದು. ಇದು ನಿಜವಾಗಿಯೂ ದೊಡ್ಡ ಉಪಕಾರವೆಂದು ಒಪ್ಪಲೇಬೇಕು. ಆದರೆ ಸಂಖ್ಯೆಯ ಹಿಂದೆ ಇರುವ ವ್ಯಕ್ತಿಯು ಯಾರೆಂಬುದನ್ನು ಯಂತ್ರವು ಆಧಾರ್ ಸಂಖ್ಯೆಯೊಡನೆ ಹೋಲಿಸಿ ನಿರ್ಣಯಿಸತಕ್ಕದ್ದೆಂದು ಏರ್ಪಾಡಾಯಿತು. ಹೆಸರು, ಹುಟ್ಟಿದ ದಿನ, ಲಿಂಗ, ಇವು ಎರಡು ಕಡೆಯೂ ಒಂದೇ ಆಗಿರಬೇಕು. 2021ರ ಸೆಪ್ಟೆಂಬರಿನಿಂದ ಈ ಜೋಡಣೆಯಿಲ್ಲದ ಖಾತೆಗೆ ಯಜಮಾನನು ಮಾಸಿಕ ಲೆಕ್ಕವನ್ನು ಸಲ್ಲಿಸುವುದೂ ಅಸಾಧ್ಯವಾಯಿತು.

ಕನ್ನಡದ ಹೆಸರಿನ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಹಳೆಯ ಮೈಸೂರಿನ ಕಡೆ ಮನೆತನದ ಹೆಸರು ಕೊನೆಯಲ್ಲಿ ಬರುವ ರೂಢಿ ಅಪೂರ್ವ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಬಳಿಕ ತನ್ನ ಹೆಸರು. ಈ ಅಕ್ಷರಗಳನ್ನು ಮುಂದೆ ಬರೆಯುವವರುಂಟು, ಹಿಂದೆ ಬರೆಯುವವರುಂಟು, ಬಿಟ್ಟೇಬಿಡುವವರೂ ಉಂಟು. ಅಮ್ಮ, ಅಪ್ಪ, ಅಯ್ಯ, ಅಣ್ಣ ಎಂಬುವು ಹೆಸರಿನ ಅಂಗವೋ ಗೌರವಸೂಚಕವೋ ಎಂಬುದು ಹೆಸರಿನಿಂದ ಹೆಸರಿಗೆ ಬೇರೆ. ಮನೆಯಲ್ಲಿ ಲಕ್ಷ್ಮಿಯಾದವಳು ಶಾಲೆಯಲ್ಲಿ ಲಕ್ಷ್ಮೀದೇವಿ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ. ಮದುವೆಯಾದ ಮೇಲೆ ತಂದೆಯ ಅಕ್ಷರವು ಹೋಗಿ ಗಂಡನ ಅಕ್ಷರವು ಬರುವುದೂ ಉಂಟು. ಹುಟ್ಟಿದ ದಿನವೋ, ಅನೇಕರ ವಿಷಯದಲ್ಲಿ ಶಾಲೆಗೆ ಸೇರಿಸಿಕೊಂಡ ಉಪಾಧ್ಯಾಯರು ಅಂದಾಜಿನಿಂದ ಬರೆದ ದಿನ.

ಇದರ ಮೇಲೆ ಲಿಪಿಯ ತೊಂದರೆ ಬೇರೆ. ಕಾರ್ಖಾನೆಯ ಗುಮಾಸ್ತನು ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾನೆ. ಆ ಲಿಪಿಯಲ್ಲಿ ದಕಾರ ಡಕಾರಗಳಿಗೆ ಭೇದವಿಲ್ಲ. ಲಕಾರ ಳಕಾರಗಳಿಗೂ ಇಲ್ಲ. ಹ್ರಸ್ವದೀರ್ಘಗಳು ಬರೆಯುವವನ ಇಷ್ಟದಂತೆ. ‘ಗೀತಾ’ ಎಂಬ ಎರಡಕ್ಷರದ ಹೆಸರನ್ನೇ ತೆಗೆದುಕೊಳ್ಳಬಹುದು. ಈಕಾರವನ್ನು ಎರಡು ‘ಇ’ಗಳಿಂದ ಬರೆಯಬಹುದು, ಒಂದು ‘ಐ’ನಿಂದ ಬರೆಯಬಹುದು. ತಕಾರವನ್ನು ಬರಿಯ ‘ಟಿ’ಯಿಂದ ಬರೆಯಬಹುದು, ‘ಎಚ್’ ಸೇರಿಸಿ ಬರೆಯಬಹುದು. ಕೊನೆಯ ಆಕಾರಕ್ಕೆ ಒಂದು ‘ಎ’ ಆದರೂ ಆಗಬಹುದು, ಎರಡಾದರೂ ಆಗಬಹುದು. ಅಂತು ಎಂಟು ರೂಪಗಳು. ತಂದೆಯ ಅಕ್ಷರವು ಮುಂದೆ, ಹಿಂದೆ, ಇಲ್ಲವೇ ಇಲ್ಲ, ಎಂಬ ಮೂರು ಪಕ್ಷಗಳಿಂದ ಗುಣಿಸಿದರೆ ಇಪ್ಪತ್ತನಾಲ್ಕು. ಓದುವ ಮನುಷ್ಯನಿಗೆ ಇಪ್ಪತ್ತನಾಲ್ಕೂ ಒಬ್ಬಳೇ ಗೀತೆ. ಅಕ್ಷರಸಾಮ್ಯವನ್ನು ಮಾತ್ರ ಬಲ್ಲ ಯಂತ್ರಕ್ಕೆ ಇಪ್ಪತ್ತನಾಲ್ಕು ಮಂದಿ.

ಶಾಸ್ತ್ರಕಾರರು ವ್ಯಕ್ತಿನಾಮಗಳನ್ನು ಯದೃಚ್ಛಾಶಬ್ದಗಳೆಂದು ಬೇರೆಯಾಗಿ ಎಣಿಸಿದ್ದಾರೆ. ಅವುಗಳಿಗೆ ಜಾತಿಗುಣಕ್ರಿಯೆಗಳ ಆಧಾರವಿಲ್ಲ, ಇಟ್ಟವರ ಇಚ್ಛೆಯೇ ಆಧಾರ. ಹಿಂದೆ ಕಂಡ ದೇವದತ್ತನೇ ಇವನು ಎಂಬ ಪ್ರತ್ಯಭಿಜ್ಞೆಯಲ್ಲಿ ದೇಶಕಾಲಾದಿ ಭೇದಗಳನ್ನು ಬಿಟ್ಟು ವ್ಯಕ್ತಿಯ ಐಕ್ಯವನ್ನು ಗ್ರಹಿಸುತ್ತೇವೆಂದು ವೇದಾಂತದ ಪ್ರಾರಂಭದ ವಿದ್ಯಾರ್ಥಿಯೂ ಬಲ್ಲನು. ಯಂತ್ರವು ಮಾಡುವುದು ಇದಕ್ಕೆ ವಿಪರೀತ: ಭೇದವನ್ನೇ ಹಿಡಿದು ವ್ಯಕ್ತಿಯನ್ನು ಬಿಡುತ್ತದೆ. ಇದು ಯಂತ್ರದ ದೋಷವೆಂದು ಹೇಳುವುದು ನ್ಯಾಯವಲ್ಲ. ಹೆಸರನ್ನೇ ವ್ಯಕ್ತಿಯ ಲಕ್ಷಣವೆಂದು ಅದಕ್ಕೆ ಕಲಿಸಿದವರ ದೋಷ.

ತಿದ್ದುಪಡಿಗೆ ದಾರಿಯಿಲ್ಲದಿರಲಿಲ್ಲ. ಕೆಲಸಗಾರನೂ ಯಜಮಾನನೂ ಕೂಡಿ ರುಜುಹಾಕುವ ಜಂಟಿ ಘೋಷಣೆಯೆಂಬ ಪತ್ರವೊಂದುಂಟು. 2023ರಲ್ಲಿ ಹೆಸರು, ಲಿಂಗ, ಜನ್ಮದಿನ, ತಂದೆಯ ಹೆಸರು ಮೊದಲಾದ ಹನ್ನೊಂದು ಅಂಶಗಳನ್ನು ಅದರ ಮೂಲಕ ತಿದ್ದುವ ಕ್ರಮವು ಗೊತ್ತಾಯಿತು. ಆದರೆ ಯಜಮಾನನು ಕಾರ್ಖಾನೆಯನ್ನೇ ಮುಚ್ಚಿ ಹೋಗಿದ್ದರೆ ರುಜುಹಾಕುವವರಾರು? ಕೆಲಸ ಹೋದುದಕ್ಕೆ ಯಾವುದು ಕಾರಣವೋ ಅದೇ ಹಣ ಬಾರದಿರುವುದಕ್ಕೂ ಕಾರಣವಾಗುವ ಈ ವಿಚಿತ್ರವನ್ನು ಯೋಜಕರು ತಡವಾಗಿ ಕಂಡುಕೊಂಡರು. 2025ರ ಜನವರಿಯಲ್ಲಿ, 2017ರ ಅಕ್ಟೋಬರ್ 1ರ ಈಚೆಗೆ ಸಂಖ್ಯೆ ಪಡೆದು ಆಧಾರಿನಿಂದ ದೃಢಪಟ್ಟವರು ಯಜಮಾನನ ಹಂಗಿಲ್ಲದೆ ತಾವೇ ತಿದ್ದಿಕೊಳ್ಳಬಹುದೆಂದು ಆಯಿತು. ಇಂಥದೇ ಇನ್ನೊಂದು ಗಂಟು ಕೆಲಸ ಬಿಟ್ಟ ದಿನಾಂಕದ್ದು. ಅದನ್ನು ಯಜಮಾನನು ನಮೂದಿಸುವವರೆಗೆ ಮನೆಯಲ್ಲಿ ಕುಳಿತವಳೂ ಯಂತ್ರದ ಪಾಲಿಗೆ ಕೆಲಸದಲ್ಲಿರುವವಳೇ. 2020ರ ಜನವರಿಯಿಂದ, ಎರಡು ತಿಂಗಳು ಕಳೆದ ಮೇಲೆ, ಕೆಲಸಗಾರರೇ ಅದನ್ನು ಬರೆಯಲು ಅನುಮತಿ ದೊರೆಯಿತು.

ವಿಧಿಗಳೂ ನಿಂತಲ್ಲಿ ನಿಂತಿಲ್ಲ. ಒಂದು ತಿಂಗಳು ಕೆಲಸವಿಲ್ಲದಿದ್ದರೆ ಮುಕ್ಕಾಲು ಪಾಲು, ಎರಡು ತಿಂಗಳಾದರೆ ಉಳಿದುದು, ಎಂದು 2018ರಲ್ಲಿ ಸೇರಿಸಲಾಯಿತು. 2025ರ ಅಕ್ಟೋಬರಿನಲ್ಲಿ ನಿಧಿಯ ಕೇಂದ್ರ ಮಂಡಲಿಯು ಮುಕ್ಕಾಲನ್ನು ಒಡನೆ ಕೊಟ್ಟು, ಪೂರ್ಣ ಸಂದಾಯಕ್ಕೆ ಹನ್ನೆರಡು ತಿಂಗಳು ಕಾಯಿಸಬೇಕೆಂದು ತೀರ್ಮಾನಿಸಿತು. 2016ರ ಏಪ್ರಿಲನ್ನು ನೆನೆದವರಿಗೆ ಇದು ಯೋಚನೆಗೆ ಎಡೆಗೊಡುವಂಥದು.

ನಿಜವಾದ ನಿರುದ್ಯೋಗಭತ್ಯೆಯು ಬೇರೊಂದು ಸಂಸ್ಥೆಯಲ್ಲಿದೆ. ಬೆಂಗಳೂರಿಗೆ 1958ರಲ್ಲಿ ಬಂದ ಇ.ಎಸ್.ಐ. ಯೋಜನೆಯು 2005ರಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ರಾಜೀವಗಾಂಧಿಯವರ ಹೆಸರಿನ ಭತ್ಯೆಯನ್ನೂ, 2018ರಲ್ಲಿ ಅಟಲ ಬಿಹಾರಿ ವಾಜಪೇಯಿಯವರ ಹೆಸರಿನದನ್ನೂ ಏರ್ಪಡಿಸಿತು. ಎರಡನೆಯದು ಮೊದಲು ದಿನದ ಸರಾಸರಿ ಕೂಲಿಯ ಕಾಲುಪಾಲಾಗಿದ್ದು, 2020ರ ಮಹಾಮಾರಿಯ ಕಾಲದಲ್ಲಿ ಅರ್ಧಕ್ಕೆ ಏರಿತು. ತೊಂಬತ್ತು ದಿನಗಳಿಗೆ ಮಾತ್ರ. ಆಗಲೇ ಅರ್ಜಿಯನ್ನು ಯಜಮಾನನ ಮೂಲಕ ಕಳುಹಿಸಬೇಕೆಂಬ ನಿಯಮವನ್ನೂ ಬಿಟ್ಟರು. ಅದೇ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜರ್ಸಿ ಸಂಸ್ಥಾನದ ಗವರ್ನರು, ನಿರುದ್ಯೋಗವಿಮೆಯ ಹಳೆಯ ಯಂತ್ರಗಳನ್ನು ನಡೆಸಲು 1959ರಲ್ಲಿ ಹುಟ್ಟಿದ ಕೋಬಾಲ್ ಭಾಷೆಯನ್ನು ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿದರು. ಗ್ರಂಥವಿದ್ದು ವ್ಯಾಖ್ಯಾನಕಾರನಿಲ್ಲದ ಸ್ಥಿತಿ ಅವರದು. ವ್ಯಾಖ್ಯಾನಕಾರರು ಹೇರಳವಾಗಿದ್ದು ಪಾಠಾಂತರಗಳು ಇತ್ಯರ್ಥವಾಗದ ಸ್ಥಿತಿ ನಮ್ಮದು.

1976ರ ಕಾಯಿದೆಯಂತೆ ಕರ್ಣಾಟಕ ಸರ್ಕಾರವು ಸಂಬಳದಿಂದ ವಸೂಲುಮಾಡುವ ವೃತ್ತಿ ತೆರಿಗೆಯು ಇಷ್ಟು ತೊಡಕಿಲ್ಲದೆ ಯಂತ್ರಕ್ಕೆ ಬಂದಿತು. ಅಲ್ಲಿ ಹಣವು ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರಬೇಕಾಗಿಲ್ಲ. ಯಜಮಾನನ ಸಂಖ್ಯೆಯೊಂದು ಸರಿಯಿದ್ದರೆ ಆಳಿನ ಹೆಸರು ಹೇಗಿದ್ದರೂ ಬೊಕ್ಕಸಕ್ಕೆ ನಷ್ಟವಿಲ್ಲ.

ಹೆಸರಿನ ತೊಡಕಿಗೆ ಪರಿಹಾರವು ಕನ್ನಡ ಲಿಪಿಯಲ್ಲಿಯೇ ಇತ್ತೆಂಬುದು ವಿಚಾರಾರ್ಹ. ಇದೇ ರಾಜ್ಯದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಕನ್ನಡದಲ್ಲಿಯೇ ಗಣಕಯಂತ್ರಕ್ಕೆ ಸೇರಿದುವು. ಯಾವ ಯಂತ್ರವೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದುದರಿಂದ ಅಶಕ್ಯವೆಂಬ ವಾದವು ನಿಲ್ಲದು. ಆಧಾರಿನ ಚೀಟಿಯಲ್ಲಿಯೂ ಹೆಸರು ಎರಡು ಲಿಪಿಗಳಲ್ಲಿ ಅಚ್ಚಾಗಿರುತ್ತದೆ. ಹೋಲಿಕೆಗೆ ತೆಗೆದುಕೊಳ್ಳುವುದು ರೋಮನ್ ಸಾಲನ್ನು. ಕನ್ನಡದ ಸಾಲಾದರೂ ಎಲ್ಲೆಡೆಯಲ್ಲಿ ಶುದ್ಧವೆನ್ನಲಾಗದು. ಅನೇಕ ಕಡೆ ಅದು ರೋಮನ್ನಿನಿಂದ ಯಂತ್ರವೇ ಪರಿವರ್ತಿಸಿದುದಾಗಿ, ದಕಾರವಿರಬೇಕಾದಲ್ಲಿ ಡಕಾರವು ಬಂದು ಕುಳಿತಿರುತ್ತದೆ. ಮೂಲವನ್ನು ಛಾಯೆಯಿಂದ ಪುನಃ ಕಟ್ಟಲು ಹೊರಟರೆ ಏನಾಗುವುದೆಂಬುದು ಪ್ರಾಕೃತ ನಾಟಕಗಳನ್ನು ಸಂಪಾದಿಸಿದವರಿಗೆ ಹೇಳಬೇಕಾದುದಿಲ್ಲ.

2025ರ ನವೆಂಬರ್ 21ರಂದು ಹೊಸ ಸಾಮಾಜಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದು, ಭವಿಷ್ಯನಿಧಿಯೂ ಇ.ಎಸ್.ಐ.ಯೂ ಒಂದೇ ಶಾಸನದ ಅಧ್ಯಾಯಗಳಾದುವು. ನಿಧಿಯ ಸಂಸ್ಥೆಯು ಕಚೇರಿಗೊಂದರಂತೆ ಹರಡಿದ್ದ ಲೆಕ್ಕಗಳನ್ನು ಒಂದೇ ಭಂಡಾರಕ್ಕೆ ತರುವ ಕೆಲಸವನ್ನೂ ಕೈಕೊಂಡಿದೆ. ಅದರ ಅಂಗವಾಗಿ 2025ರ ಜನವರಿಯಿಂದ ಪಿಂಚಣಿಯು ಯಾವ ಬ್ಯಾಂಕಿನಲ್ಲಾದರೂ ದೊರೆಯುವಂತಾಗಿದೆ. ಖಾತೆಗಳು ಒಂದೆಡೆ ಕೂಡಿದಾಗ ಪೀಣ್ಯದ ಹಳೆಯ ಖಾತೆಯ ಗೀತೆಯೂ ಯಲಹಂಕದ ಹೊಸ ಖಾತೆಯ ಗೀತೆಯೂ ಮೊದಲ ಬಾರಿಗೆ ಅಕ್ಕಪಕ್ಕದ ಸಾಲುಗಳಲ್ಲಿ ಬರುತ್ತಾರೆ, ಒಬ್ಬಳಿಗೆ ‘ಎಚ್’ ಇದ್ದು ಇನ್ನೊಬ್ಬಳಿಗೆ ಇಲ್ಲದೆ.