ಒಡಲ ಲಿಂಗ, ಒಳಗಿನ ಲಿಂಗ

ಹಾಸನದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಪಯಣಿಸಿದವರಿಗೆ ಈ ದೃಶ್ಯ ಹೊಸದಲ್ಲ. ಗಾಡಿ ಹೊಳೆನರಸೀಪುರವನ್ನು ಬಿಡುವ ವೇಳೆಗೆ ಚಪ್ಪಾಳೆಯ ಸದ್ದು ಕೇಳಿಬರುತ್ತದೆ. ಸೀರೆಯುಟ್ಟ ಇಬ್ಬರು ಮೂವರು ಬೋಗಿಯೊಳಕ್ಕೆ ಬರುತ್ತಾರೆ. ಕೆಲವರು ಫೋನಿನಲ್ಲಿ ಮುಖ ಮರೆಸಿಕೊಳ್ಳುತ್ತಾರೆ. ಕೆಲವರು ಹತ್ತು ರೂಪಾಯಿಯ ನೋಟನ್ನು ಬೆರಳ ತುದಿಯಲ್ಲಿ ಹಿಡಿದು, ಕೈ ಸೋಕದಂತೆ ನೀಡುತ್ತಾರೆ. ಅದೇ ಬೋಗಿಯಲ್ಲಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಅವರನ್ನು ಕರೆದು, ಮಗುವಿನ ತಲೆಯ ಮೇಲೆ ಕೈಯಿಡಿಸುವುದೂ ಉಂಟು. ಹರಸುವುದಕ್ಕೆ ಬೇಕಾದವರು, ಪಕ್ಕದಲ್ಲಿ ಕೂರುವುದಕ್ಕೆ ಬೇಡವಾದವರು!

ನಾನು ಮಾತ್ರ ಮೊದಲು ಅವರ ಮುಖಗಳನ್ನು ನೋಡುತ್ತೇನೆ. ಅದಕ್ಕೊಂದು ಕಾರಣವುಂಟು.

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯಲ್ಲಿ ವ್ಯಾಕರಣದ ಲಿಂಗವಿಚಾರವನ್ನು ಹೇಳಿಕೊಡುತ್ತಿದ್ದೆ. ಹೆಂಡತಿ ಎಂಬರ್ಥದ ‘ದಾರ’ ಶಬ್ದ ಸಂಸ್ಕೃತದಲ್ಲಿ ಪುಲ್ಲಿಂಗ. ಅದೇ ಅರ್ಥದ ‘ಕಳತ್ರ’ ನಪುಂಸಕಲಿಂಗ. ನಮ್ಮ ಕನ್ನಡಕ್ಕೆ ಈ ತೊಡಕಿಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಹೇಳಿರುವಂತೆ ಇಲ್ಲಿ ಅರ್ಥವನ್ನು ನೋಡಿ ಲಿಂಗನಿರ್ಣಯ. ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ ಎಂದು ಹೆಮ್ಮೆಯಿಂದ ವಿವರಿಸಿದೆ. ಪಾಠ ಮುಗಿದ ಮೇಲೆ ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬರು ಮೇಜಿನ ಬಳಿ ನಿಂತರು. ಹಾಜರಿ ಪುಸ್ತಕದಲ್ಲಿದ್ದುದು ಗಂಡು ಹೆಸರು.

“ಸಾರ್, ಹೊರಗೆ ಕಾಣುವ ಅರ್ಥ ಒಂದು, ಒಳಗಿನ ಅರ್ಥ ಇನ್ನೊಂದು ಆದರೆ ಯಾವ ಲಿಂಗ ಬರೆಯಬೇಕು?”

ಪ್ರಶ್ನೆ ನನಗೆ ಅರ್ಥವಾಗಿತ್ತು. ಅರ್ಥವಾಗದವನಂತೆ, “ಅದು ಪರೀಕ್ಷೆಗೆ ಬರುವುದಿಲ್ಲ” ಎಂದು ಪುಸ್ತಕ ಮಡಿಚಿದೆ. ಹಿಂದಿನ ಬೆಂಚುಗಳ ಅಣಕದ ಮಾತುಗಳು ಅದಕ್ಕೆ ಮುಂಚೆಯೇ ನನ್ನ ಕಿವಿಗೂ ಬಿದ್ದಿದ್ದವು, ಕೇಳಿಸದವನಂತೆ ಇದ್ದೆ. ಆ ವರ್ಷದ ಪರೀಕ್ಷೆಗೆ ಅವರು ಬರಲಿಲ್ಲ. ಮನೆಯಲ್ಲಿ ಇರಗೊಡಲಿಲ್ಲವೆಂದು, ಬೆಂಗಳೂರಿನ ಕಡೆಗೆ ಹೋದರೆಂದು ಸಹಪಾಠಿಗಳು ಹೇಳಿದರು. ಅಂದು ಕೊಡದೆ ಹೋದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಬೆಳಗೊಳದ ಗ್ರಂಥ

ಉತ್ತರವೇನೂ ದೂರದಲ್ಲಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. 981ರ ಸುಮಾರಿಗೆ ಅಲ್ಲಿ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಿಗೆ ಗುರುವೆನಿಸಿದ್ದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರು ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದನು. ಜೈನಶಾಸ್ತ್ರದಲ್ಲಿ ‘ವೇದ’ವೆಂಬುದು ಇಲ್ಲಿ ಋಗ್ವೇದಾದಿಗಳ ಹೆಸರಲ್ಲ, ಸ್ತ್ರೀತ್ವ ಪುರುಷತ್ವಗಳಿಗೆ ಸಂಬಂಧಿಸಿದ ಪಾರಿಭಾಷಿಕ ಶಬ್ದ. ಅದು ಎರಡು ಬಗೆ. ಒಡಲಿನ ಚಿಹ್ನೆಗಳಿಂದ ತಿಳಿಯುವುದು ದ್ರವ್ಯವೇದ. ಒಳಗಿನ ಭಾವದಲ್ಲಿರುವುದು ಭಾವವೇದ. ಎರಡಕ್ಕೂ ಕಾರಣವಾದ ಕರ್ಮಗಳು ಬೇರೆ ಬೇರೆ. ಇವೆರಡೂ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ, ಕೆಲವರಲ್ಲಿ ಹೊಂದುವುದಿಲ್ಲ ಎಂಬುದು ನೇಮಿಚಂದ್ರರ ನಿರೂಪಣೆ.

ಹಾಗೆಂದು ಇಂದಿನ ಮಾತನ್ನೆಲ್ಲ ಅಂದಿನವರ ಬಾಯಲ್ಲಿ ಹಾಕುವುದು ಸಲ್ಲದು. ಅಲ್ಲಿಯ ಭಾವವೇದ ಮುಖ್ಯವಾಗಿ ಕಾಮದ ಒಲವನ್ನು ಕುರಿತದ್ದು. ‘ನಾನು ಹೆಣ್ಣು’ ಅಥವಾ ‘ನಾನು ಗಂಡು’ ಎಂಬ ಅರಿವನ್ನೇ ಕುರಿತದ್ದಲ್ಲ. ಮೂರನೆಯದಾದ ನಪುಂಸಕವೇದವನ್ನು ಆ ಗ್ರಂಥ ಹೊಗಳುವುದೂ ಇಲ್ಲ. ಸ್ತ್ರೀಗೆ ಮೋಕ್ಷವುಂಟೆ ಎಂಬ ವಿಷಯದಲ್ಲಿ ದಿಗಂಬರರಿಗೂ, ಒಂಬತ್ತನೆಯ ಶತಮಾನದ ಯಾಪನೀಯ ಪಂಡಿತ ಶಾಕಟಾಯನನಂಥವರಿಗೂ ದೊಡ್ಡ ವಾದವೇ ನಡೆದಿತ್ತು. ಆದರೂ ಒಂದು ಮಾತು ಉಳಿಯುತ್ತದೆ: ಒಡಲು ಬೇರೆ, ಒಳಗು ಬೇರೆ ಆಗಬಹುದೆಂಬುದು ನೆನ್ನೆ ಮೊನ್ನೆ ಪರದೇಶದಿಂದ ಬಂದ ವಿಚಾರವಲ್ಲ. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಸಾವಿರ ವರ್ಷದ ಹಿಂದೆ ಅದನ್ನು ಎಣಿಕೆಗೆ ತಂದಿದ್ದರು.

ವಿಜ್ಞಾನ ಹೇಳುವುದೇನು?

ಒಡಲೇ ನಾವು ತಿಳಿದಷ್ಟು ಸರಳವಲ್ಲ. ಗರ್ಭದಲ್ಲಿ ಮೊದಲ ಆರು ವಾರಗಳ ತನಕ ಗಂಡಿಗೂ ಹೆಣ್ಣಿಗೂ ಜನನಾಂಗದ ಮೊಳಕೆ ಒಂದೇ ಬಗೆಯದು. ಅದನ್ನು ಗಂಡಿನ ದಾರಿಗೆ ತಿರುಗಿಸುವ, ವೈ ವರ್ಣತಂತುವಿನ ಮೇಲಿರುವ ಎಸ್‌ಆರ್‌ವೈ ಎಂಬ ವಂಶವಾಹಿಯನ್ನು ಇಂಗ್ಲೆಂಡಿನ ವಿಜ್ಞಾನಿಗಳು 1990ರಲ್ಲಿ ಗುರುತಿಸಿದರು. ಈ ದಾರಿಯಲ್ಲಿ ಹಲವು ಕವಲುಗಳುಂಟು. ಎಕ್ಸ್ ಮತ್ತು ವೈ ಎರಡೂ ವರ್ಣತಂತುಗಳಿದ್ದು, ಪುರುಷ ಹಾರ್ಮೋನಿಗೆ ಜೀವಕೋಶಗಳು ಓಗೊಡದೆ ಹೋದರೆ, ಮಗು ಹೆಣ್ಣಾಗಿಯೇ ಕಾಣುತ್ತದೆ, ಹೆಣ್ಣಾಗಿಯೇ ಬೆಳೆಯುತ್ತದೆ. ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ 2006ರಲ್ಲಿ ದೋಹಾದ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಗೆದ್ದರು. ಲಿಂಗಪರೀಕ್ಷೆಯ ನೆಪದಲ್ಲಿ ಅದನ್ನು ಕಳೆದುಕೊಂಡರು. ಹುಟ್ಟಿನಿಂದ ಹೆಣ್ಣೆಂದೇ ಬಾಳಿದವರಿಗೆ ಒಂದು ಪರೀಕ್ಷೆ ತಂದ ದುಃಖವನ್ನು ಊಹಿಸಿಕೊಳ್ಳಿ.

ಇದು ಒಡಲಿನ ವೈವಿಧ್ಯ. ನನ್ನ ವಿದ್ಯಾರ್ಥಿಯ ಪ್ರಶ್ನೆ ಬೇರೆ. ಒಡಲಿನಲ್ಲಿ ಯಾವ ವಿಶೇಷವೂ ಇಲ್ಲದೆ, ಒಳಗಿನ ಅರಿವು ಮಾತ್ರ ಭಿನ್ನವಾಗಿರುವವರೇ ಹೆಚ್ಚು. “ಹೊಡೆದು ಬಡಿದು ತಿದ್ದಿದರೆ ಸರಿಹೋಗುತ್ತದೆ” ಎನ್ನುವ ಹಿರಿಯರು ಒಂದು ಕಥೆಯನ್ನು ಕೇಳಬೇಕು. 1965ರಲ್ಲಿ ಕೆನಡಾದಲ್ಲಿ ಹುಟ್ಟಿದ ಡೇವಿಡ್ ರೀಮರ್ ಎಂಬ ಗಂಡುಮಗುವಿಗೆ ಎಳವೆಯಲ್ಲಿ ಶಸ್ತ್ರಚಿಕಿತ್ಸೆಯ ಅಪಘಾತದಿಂದ ಜನನಾಂಗ ನಾಶವಾಯಿತು. ಜಾನ್ ಮನಿ ಎಂಬ ತಜ್ಞನ ಸಲಹೆಯಂತೆ ಹೆಣ್ಣು ಹೆಸರಿಟ್ಟು, ಹೆಣ್ಣಿನ ಉಡುಪು ತೊಡಿಸಿ, ನಿಜವನ್ನು ಮುಚ್ಚಿಟ್ಟು ಸಾಕಿದರು. ಮಗು ಒಪ್ಪಲಿಲ್ಲ. ಹದಿಹರೆಯದಲ್ಲಿ ನಿಜ ತಿಳಿದೊಡನೆ ಗಂಡಾಗಿಯೇ ಬಾಳಲು ಹೊರಟನು. 2004ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಒಬ್ಬನ ಬಾಳಿನಿಂದ ಎಲ್ಲವನ್ನೂ ಸಾಧಿಸಲಾಗದು, ನಿಜ. ಆದರೂ ಒಳಗಿನ ಅರಿವನ್ನು ಸಾಕಣೆಯಿಂದ ಬರೆದು ಅಳಿಸಬಹುದೆಂಬ ನಂಬಿಕೆಗೆ ಅಲ್ಲಿ ಬಲವಾದ ಪೆಟ್ಟು ಬಿತ್ತು.

ಈ ಅರಿವಿಗೆ ಇಂಥದೇ ಏಕೈಕ ಕಾರಣವೆಂದು ವಿಜ್ಞಾನ ಬೆರಳಿಟ್ಟು ತೋರಿಸಿಲ್ಲ. ಆದರೆ ಅದು ರೋಗವೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ಹೊರತೆಗೆಯಿತು. ಇನ್ನೂ ತೀರದ ವಾದಗಳೂ ಇವೆ. ಎಳೆಯರಿಗೆ ಪ್ರಾಯ ಬರುವುದನ್ನು ತಡೆಯುವ ಔಷಧಿ ಕೊಡಬಹುದೆ ಎಂಬುದು ಅವುಗಳಲ್ಲೊಂದು. ಅದಕ್ಕಿರುವ ಆಧಾರ ದುರ್ಬಲವೆಂದು ಇಂಗ್ಲೆಂಡಿನಲ್ಲಿ ಡಾಕ್ಟರ್ ಹಿಲರಿ ಕ್ಯಾಸ್ 2024ರಲ್ಲಿ ವರದಿಯಿತ್ತರು. ಅದನ್ನು ಒಪ್ಪದ ವೈದ್ಯರೂ ಇದ್ದಾರೆ. ಆ ವಾದವಿರುವುದು ಚಿಕಿತ್ಸೆಯನ್ನು ಕುರಿತು. ಮಗುವನ್ನು ಮನೆಯಿಂದ ಹೊರದೂಡಬೇಕೆ ಎಂಬುದನ್ನು ಕುರಿತಲ್ಲ.

ಕಾನೂನು ಮತ್ತು ಮನೆ

ಕಾನೂನಿನ ದಾರಿಯೂ ಅಂಕುಡೊಂಕು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿಯೇ ಇಂಥವರ ಹೆಸರುಪಟ್ಟಿ ಇಡುವ ವಿಧಿಯನ್ನು ಸೇರಿಸಿತ್ತು. 2011ರಲ್ಲಿ ಕರ್ನಾಟಕದ ಪೊಲೀಸ್ ಕಾಯಿದೆಗೂ ಅದನ್ನೇ ಹೋಲುವ ಕಲಮು ಸೇರಿತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಅವರನ್ನು ಗುರಿಮಾಡಿದ ಪದವನ್ನು ಕೈಬಿಡಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. 2019ರ ಕೇಂದ್ರದ ಕಾಯಿದೆ ಅದಕ್ಕೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ಜೋಡಿಸಿದಾಗ, ತಾನು ಯಾರೆಂಬುದಕ್ಕೆ ಕಚೇರಿಯ ಮುದ್ರೆ ಏಕೆಂದು ಅನೇಕರು ಕೇಳಿದರು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇಕಡ 1ರ ಮೀಸಲಾತಿಯನ್ನು ಇತ್ತು ದೇಶಕ್ಕೆ ಮೊದಲಾಯಿತು.

ಅದೇ ವರ್ಷ ಪದ್ಮಶ್ರೀ ಪಡೆದವರು ಬಳ್ಳಾರಿ ಸೀಮೆಯ ಜೋಗತಿ ಕಲಾವಿದೆ ಮಂಜಮ್ಮ. ಗಂಡುಮಗುವಾಗಿ ಹುಟ್ಟಿ, ಮನೆಗೆ ಎರವಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯದಿಂದ ಬದುಕು ಕಟ್ಟಿಕೊಂಡು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಪ್ರಶಸ್ತಿ ಬರುವ ತನಕ ಕಾಯಲು ಎಷ್ಟು ಮಂದಿ ಉಳಿದಿರುತ್ತಾರೆ? ಕೋರ್ಟು ಹಕ್ಕನ್ನು ಕೊಡಬಲ್ಲದು. ಮನೆಯ ಕದವನ್ನು ತೆರೆಯಬಲ್ಲವರು ತಂದೆತಾಯಿಗಳು, ತರಗತಿಯ ಕದವನ್ನು ತೆರೆಯಬಲ್ಲವರು ನನ್ನಂಥ ಮೇಷ್ಟರುಗಳು.

ಈಗಲೂ ಪ್ರತಿವರ್ಷ ಲಿಂಗವಿಚಾರದ ಪಾಠ ಬರುತ್ತದೆ. ಕನ್ನಡದಲ್ಲಿ ಅರ್ಥವನ್ನು ನೋಡಿ ಲಿಂಗನಿರ್ಣಯವೆಂದು ಈಗಲೂ ಹೇಳುತ್ತೇನೆ. ಜೊತೆಗೆ ಎರಡು ಮಾತು ಸೇರಿಸುತ್ತೇನೆ: ಶಬ್ದದ ಅರ್ಥವನ್ನು ನಿಘಂಟು ಬಲ್ಲದು, ಮನುಷ್ಯರ ಅರ್ಥವನ್ನು ಅವರವರೇ ಬಲ್ಲರು, ಅವರು ಬಾಯಿಬಿಟ್ಟು ಹೇಳುವ ತನಕ ನಮ್ಮ ಭಾಷೆಯಲ್ಲಿ ‘ಅವರು’ ಎಂಬ ಶಬ್ದವಿದೆ, ಅದಕ್ಕೆ ಗಂಡೆಂಬ ಹೆಣ್ಣೆಂಬ ಭೇದವಿಲ್ಲ, ಗೌರವ ಮಾತ್ರವಿದೆ. ಇದು ಪರೀಕ್ಷೆಗೆ ಬರುವುದಿಲ್ಲವೆಂದು ಈಗ ಹೇಳುವುದಿಲ್ಲ.

ಹೊಳೆನರಸೀಪುರದ ಬಳಿ ಚಪ್ಪಾಳೆ ಕೇಳಿದಾಗ ಮುಖಗಳನ್ನು ನೋಡುತ್ತೇನೆಂದೆನಷ್ಟೆ. ಆ ಮುಖ ಇನ್ನೂ ಸಿಕ್ಕಿಲ್ಲ. ಸಿಕ್ಕಿದರೆ ಮೊದಲು ಕೇಳಬೇಕಾದುದು ಅವರು ತಮಗೆ ತಾವು ಇಟ್ಟುಕೊಂಡ ಹೆಸರನ್ನು.